ಒಂದೇ ನಂಬರಿನ ಎರಡು ಕಾರು

ಗಡಿನಾಡಿನ ಬಂದ್ಯೋಡು ಎಂಬ ಊರಿನಲ್ಲಿ ಯಾರಾದರೂ ಹಳೆಯ ಕಾರು ಕೊಳ್ಳುವುದಿದ್ದರೆ ಮೊದಲು ಅದನ್ನು ಈಶ್ವರಪ್ರಸಾದರಿಗೆ ತೋರಿಸುವುದು ರೂಢಿ. ಅವರು ಮೆಕ್ಯಾನಿಕ್ಕರೇನಲ್ಲ, ಸಹಕಾರಿ ಬ್ಯಾಂಕಿನ ಗುಮಾಸ್ತರು. ಆದರೆ ಕಾರೆಂದರೆ ಪ್ರಾಣ. ಅವರ ಪರೀಕ್ಷೆಯ ಕ್ರಮವೇ ಬೇರೆ. ಮೊದಲು ಕಾರಿಗೊಂದು ಪ್ರದಕ್ಷಿಣೆ. ಆಮೇಲೆ ಬೆರಳ ಗೆಣ್ಣಿನಿಂದ, ತೆಂಗಿನಕಾಯಿಯನ್ನು ಕುಟ್ಟಿ ನೋಡುವವರ ಹಾಗೆ, ಬಾಗಿಲಿಗೆರಡು ಪೆಟ್ಟು. ಸೀಟನ್ನು ಮೂಸುವುದು. ಕೊನೆಗೆ ಮಾರುವವನ ಮುಖವನ್ನು ದಿಟ್ಟಿಸಿ, "ಎಂತದೋ ಉಂಟು" ಎನ್ನುವುದು. ಏನು ಉಂಟೆಂದು ಅವರು ಯಾವತ್ತೂ ಬಿಡಿಸಿ ಹೇಳಿದವರಲ್ಲ. ಹಳೆಯ ಕಾರಿನಲ್ಲಿ ಇವತ್ತಲ್ಲದಿದ್ದರೆ ನಾಳೆ ಏನಾದರೊಂದು ಕೆಟ್ಟೇ ಕೆಡುತ್ತದಾದ್ದರಿಂದ ಅವರ ಮಾತು ಸುಳ್ಳಾದ ಉದಾಹರಣೆಯೇ ಇರಲಿಲ್ಲ. ಹೀಗೆ ಒಂದೇ ವಾಕ್ಯದ ಬಲದಿಂದ ಅವರು ಆ ಊರಿನ ಮೋಟಾರು ಪಂಡಿತರಾಗಿದ್ದರು.

"ನನ್ನನ್ನು ನೋಡಲಿಕ್ಕೆ ಬಂದ ದಿನವೂ ಇವರು ನಮ್ಮ ಮನೆಯ ಬಾಗಿಲನ್ನು ಕುಟ್ಟಿ ನೋಡಿದ್ದರು" ಎಂದು ಅವರ ಹೆಂಡತಿ ಪರಮೇಶ್ವರಿ ಟೀಚರು ಶಾಲೆಯಲ್ಲಿ ಹೇಳಿ ನಗಾಡುವುದುಂಟು.

ಇಂಥ ಈಶ್ವರಪ್ರಸಾದರು ಒಂದು ಆದಿತ್ಯವಾರ ಹೆಂಡತಿಯ ಜೊತೆ ಮಂಗಳೂರಿಗೆ ಹೋಗಿ ಮೋಟಾರು ಪಂದ್ಯದ ಸಿನೆಮಾ ನೋಡಿದರು. ಬಹಳ ಹಿಂದೆ ಯೂರೋಪಿನ ಬೆಟ್ಟದ ದಾರಿಗಳಲ್ಲಿ ನಡೆಯುತ್ತಿದ್ದ ಪಂದ್ಯದ ಕಥೆ ಅದು. ಲೂಯಿ ಎಂಬವನು ಹದಿನೇಳನೇ ನಂಬರಿನ ಕೆಂಪು ಕಾರು ಓಡಿಸುತ್ತಾನೆ. ಒಂದು ತಿರುವಿನಲ್ಲಿ ಕಾರಿನ ಎಡಬದಿ ಬಂಡೆಗೆ ಬಡಿದು, ಅವನು ಹೊರಕ್ಕೆ ಚಿಮ್ಮಿ ಸಾಯುತ್ತಾನೆ. ಕಾರಿನ ಕಂಪೆನಿಯವರು ಸಾವಿನ ಸುದ್ದಿಯನ್ನು ಮುಚ್ಚಿಟ್ಟು, ಅದೇ ಕಾರಿನಲ್ಲಿ ಅವನ ತಮ್ಮನನ್ನು ಕೂರಿಸುತ್ತಾರೆ. ತಮ್ಮನಿಗೆ ಮದುವೆ ನಿಶ್ಚಯವಾಗಿದೆ, ಹುಡುಗಿಯ ಮನೆಯವರಿಗೆ ಇದೊಂದೂ ತಿಳಿಯದು. ಕಾರಿನ ನೆಗ್ಗಿದ ಬದಿಯನ್ನು ಸರಿಮಾಡಲು ಬಂದವರಿಗೆ ತಮ್ಮನು, "ಬೇಡ, ಅಣ್ಣನ ನೆನಪಿಗೆ ಹಾಗೆಯೇ ಇರಲಿ" ಎನ್ನುತ್ತಾನೆ. ಚಿತ್ರಮಂದಿರದಲ್ಲಿ ಹಲವರು ಮೂಗೊರೆಸಿಕೊಂಡರು. ಪರಮೇಶ್ವರಿಯೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಶ್ವರಪ್ರಸಾದರ ಕಣ್ಣಲ್ಲಿ ಮಾತ್ರ ನೀರಿರಲಿಲ್ಲ, ಸಂಶಯವಿತ್ತು. "ಒಂದು ನೇರ ರಸ್ತೆಗೆ ಇವ ಎಷ್ಟು ಸಲ ಗೇರು ಬದಲಿಸುವುದು? ಅಷ್ಟು ಗೇರು ಆ ಕಾರಿಗೆ ಎಲ್ಲಿಂದ ಬಂತು?" ಎಂದು ಅವರು ಆಗಲೇ ಹೆಂಡತಿಯನ್ನು ತಿವಿದಿದ್ದರು. ಕೊನೆಯ ಸುತ್ತು ಬಂತು. ಕೆಂಪು ಕಾರು ಪರದೆಯ ಈ ತುದಿಯಿಂದ ಆ ತುದಿಗೆ ಬಾಣದಂತೆ ಹಾಯಿತು. ಈಶ್ವರಪ್ರಸಾದರು ಕುರ್ಚಿಯಿಂದ ಎದ್ದೇ ಬಿಟ್ಟರು.

"ಗುದ್ದಿದ್ದು ಎಲ್ಲಿ? ಗುದ್ದಿದ್ದೇ ಇಲ್ಲ! ಕಾರು ಬದಲಾಗಿದೆ!"

"ಕೂತುಕೊಳ್ಳಿ ಮಾರಾಯ್ರೆ" ಎಂದು ಹಿಂದಿನವರು ಗದರಿದರು.

"ಅವ ಗೆಲ್ಲಲಿ ಪಾಪ, ನೀವು ಸುಮ್ಮನಿರಿ" ಎಂದರು ಪರಮೇಶ್ವರಿ.

"ಯಾವ ಕಾರು ಗೆಲ್ಲುವುದು ಅಂತ ಗೊತ್ತಾಗುವುದು ಬೇಡವಾ? ಒಂದೇ ನಂಬರು, ಎರಡು ಕಾರು. ಇದು ಶುದ್ಧ ಮೋಸ!"

ಮುಂದಿನ ಸಾಲಿನ ದಪ್ಪ ಮನುಷ್ಯರೊಬ್ಬರು ತಿರುಗಿ, ಮೋಸವೋ ಅಲ್ಲವೋ ಎಂಬುದನ್ನು ಹೊರಗೆ ಹೋಗಿ ತೀರ್ಮಾನಿಸೋಣವೇ ಎಂದು ಕೇಳಿದರು. ಆ ವಾಗ್ವಾದ ಮುಗಿಯುವಾಗ ಸಿನೆಮಾವೂ ಮುಗಿದಿತ್ತು.

ಮರುದಿನ ಸಂಜೆ ಬ್ಯಾಂಕು ಬಿಟ್ಟ ಮೇಲೆ ಅವರು ಎಂದಿನಂತೆ ಪೊಕ್ಕರ್ ಅವರ ಹೋಟೆಲಿಗೆ ಚಾ ಕುಡಿಯಲು ಹೋದರು. ಹೆದ್ದಾರಿಯ ಬದಿಯ ಹೋಟೆಲು ಅದು. ಎದುರಿನ ಸರ್ವಿಸ್ ರಸ್ತೆಯಲ್ಲಿ ಜೆಸಿಬಿ ಗರಗರ ಎನ್ನುತ್ತಿತ್ತು. ಅಷ್ಟರಲ್ಲಿ ಬದಿಯಡ್ಕದಿಂದ ಭಾವ ಶರತ್ಚಂದ್ರ ಫೋನು ಮಾಡಿ, ಸಿನೆಮಾ ಹೇಗಿತ್ತೆಂದು ಕೇಳಿದರು. ಈಶ್ವರಪ್ರಸಾದರು ಜೆಸಿಬಿಯನ್ನು ಮೀರಿಸುವ ದನಿಯಲ್ಲಿ ಶುರುಮಾಡಿದರು.

"ಕೇಳ್ತಾ ಉಂಟಾ ಭಾವ? ಕೆಂಪು ಕಾರು! ನಂಬರು ಒಂದೇ, ಗಾಡಿ ಎರಡು! ಒಂದರ ಎಡಬದಿ ಅಪ್ಪಚ್ಚಿ. ಮೊದಲು ಓಡಿಸ್ತಾ ಇದ್ದವ ಸತ್ತಿದ್ದಾನೆ. ಹೌದು, ಸತ್ತಿದ್ದಾನೆ, ಅದನ್ನು ಮುಚ್ಚಿ ಹಾಕಿದ್ದಾರೆ! ಈಗ ಓಡಿಸುವವನಿಗೆ ಮದುವೆ ನಿಶ್ಚಯ ಆಗಿದೆ. ಹುಡುಗಿಯ ಮನೆಯವರಿಗೆ ಎಂತದೂ ಗೊತ್ತಿಲ್ಲ, ಪಾಪ!"

ಪೊಕ್ಕರ್ ಎತ್ತರದಿಂದ ಹೊಯ್ಯುತ್ತಿದ್ದ ಚಾ ಲೋಟವನ್ನು ಬಿಟ್ಟು ಮೇಜಿಗೆ ಬಿತ್ತು. ಕಾರಣವಿತ್ತು. ಅವರ ಮಗಳು ಶಿಬಿಲಾಳ ನಿಖಾಹ್ ಕುಂಜತ್ತೂರಿನ ಉನೈಸ್ ಎಂಬ ಹುಡುಗನೊಂದಿಗೆ ನಿಶ್ಚಯವಾಗಿತ್ತು. ಹುಡುಗ ದುಬಾಯಿಯಿಂದ ರಜೆಯಲ್ಲಿ ಬಂದವನು, ಬಂದವನೇ ಹಳೆಯದೊಂದು ಕಾರು ಕೊಂಡಿದ್ದ. ಅದರ ಬಣ್ಣ ಕೆಂಪು. ಈಶ್ವರಪ್ರಸಾದರಿಗೆ ಮದುವೆಯ ವಿಷಯ ಗೊತ್ತಿತ್ತು, ಕಾರಿನದು ಗೊತ್ತಿರಲಿಲ್ಲ.

ಫೋನು ಇಟ್ಟ ಕೂಡಲೇ ಪೊಕ್ಕರ್ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. "ಭಟ್ರೇ, ಈಗ ಹೇಳಿದ್ದು ನಿಜವಾ?"

"ನಿಜವಾ ಅಂತ ಕೇಳುವುದಾ? ನಿನ್ನೆ ಮಂಗಳೂರಿನಲ್ಲಿ ಈ ಎರಡು ಕಣ್ಣಲ್ಲಿ ನೋಡಿದ್ದೇನೆ."

"ಹುಡುಗ ಹೇಗೆ?"

"ಹುಡುಗ ಚಂದ ಇದ್ದಾನೆ. ನೋಡಿದರೆ ಪಾಪ ಅಂತ ಕಾಣ್ತದೆ. ನನ್ನ ಸಂಶಯ ಇರುವುದೇ ಅಲ್ಲಿ."

"ಅವನ ಹಿಂದೆ ಯಾರಾದರೂ ಇದ್ದಾರಾ?"

"ದೊಡ್ಡ ಕಂಪೆನಿ ಉಂಟು ಮಾರಾಯಾ. ಹೊರದೇಶದ್ದು."

ಪೊಕ್ಕರ್ ಬೆಂಚಿನ ಮೇಲೆ ಕುಸಿದರು. "ಮತ್ತೆ ಎಂತ ಆಯ್ತು?"

"ಎಂತ ಆಗುವುದು? ಎಲ್ಲ ಗೊತ್ತಿದ್ದೂ ಜನ ಚಪ್ಪಾಳೆ ಹೊಡೆದರು. ನಾನೊಬ್ಬ ಹೊಡೆಯಲಿಲ್ಲ" ಎಂದು ಈಶ್ವರಪ್ರಸಾದರು ಗಂಭೀರವಾಗಿ ಚಾ ಕುಡಿದು ಎದ್ದರು. ಜನ ಚಪ್ಪಾಳೆ ಯಾಕೆ ಹೊಡೆದರೆಂಬುದು ಪೊಕ್ಕರ್‌ಗೆ ಅರ್ಥವಾಗಲಿಲ್ಲ. ಆದರೆ ಸಂಶಯಕ್ಕೆ ಎಲ್ಲವೂ ಅರ್ಥವಾಗಬೇಕೆಂದಿಲ್ಲ. ಅರ್ಧ ಅರ್ಥವಾದರೆ ಅದು ಇನ್ನಷ್ಟು ಚೆನ್ನಾಗಿ ಬೆಳೆಯುತ್ತದೆ.

ಎರಡು ದಿನ ಕಳೆದು ಪೊಕ್ಕರ್ ಅವರಿಂದ ಕರೆ ಬಂತು. "ಭಟ್ರೇ, ಒಂದು ಕೆಂಪು ಕಾರು ನೋಡಲಿಕ್ಕುಂಟು, ಮನೆಗೆ ಬರಬೇಕು. ನೀವು ನೋಡ್ತಾ ಇದ್ದೀರಿ ಅಂತ ಕಾರಿನವನಿಗೆ ಗೊತ್ತಾಗಬಾರದು." ಪೊಕ್ಕರ್ ಗುಟ್ಟಿನಲ್ಲಿ ಕಾರು ಕೊಳ್ಳುತ್ತಿದ್ದಾರೆಂದು ಈಶ್ವರಪ್ರಸಾದರು ತಿಳಿದರು. ಗುಟ್ಟೆಂದರೆ ಅವರಿಗೆ ಉತ್ಸಾಹ ಹೆಚ್ಚು.

ಹೋಗಿ ನೋಡಿದರೆ ಅಂಗಳದಲ್ಲಿ ಕೆಂಪು ಕಾರು ಫಳಫಳ ಹೊಳೆಯುತ್ತಿತ್ತು. ಜಗಲಿಯಲ್ಲಿ ಉನೈಸ್, ಅವನಿಗೆದುರಾಗಿ ಪೊಕ್ಕರ್ ಅವರ ತಾಯಿ ಉಮ್ಮಾಲಿಮ್ಮ. ಆ ಮನೆಯಲ್ಲಿ ಉಮ್ಮಾಲಿಮ್ಮ ಹ್ಞೂಂ ಎನ್ನದೆ ಮೀನು ಕೂಡ ಒಲೆಯ ಮೇಲೆ ಏರುತ್ತಿರಲಿಲ್ಲ. ಈಶ್ವರಪ್ರಸಾದರು ಬೊಂಡದ ಎಳನೀರು ಕುಡಿಯುವ ನೆವದಲ್ಲಿ ಕಾರಿಗೆ ಸುತ್ತು ಬಂದರು, ಕುಟ್ಟಿದರು, ಕಿಟಕಿಯೊಳಗೆ ತಲೆ ಹಾಕಿ ಮೂಸಿದರು. ಪೊಕ್ಕರ್ ಉಸಿರು ಬಿಗಿಹಿಡಿದು ನಿಂತಿದ್ದರು.

"ಎಂತದೋ ಉಂಟು" ಎಂದರು ಈಶ್ವರಪ್ರಸಾದರು.

ಪೊಕ್ಕರ್ ತಾಯಿಯ ಕಡೆಗೆ ನೋಡಿ ತಲೆಯಾಡಿಸಿದರು. ಉಮ್ಮಾಲಿಮ್ಮ ಬಾಯೊಳಗಿನ ಎಲೆ ಅಡಿಕೆಯನ್ನು ಉಗಿದು ಬಂದು ನೇರ ವಿಷಯಕ್ಕೆ ಇಳಿದರು. ಅಷ್ಟರಲ್ಲಿ ಈಶ್ವರಪ್ರಸಾದರ ತಲೆ ಮತ್ತೆ ಕಾರಿನೊಳಗೆ ಹೋಗಿದ್ದರಿಂದ ಜಗಲಿಯ ಮಾತು ಅವರ ಕಿವಿಗೆ ಬೀಳಲಿಲ್ಲ.

"ಮೋನೇ, ನಿಜ ಹೇಳು ಮಗಾ. ಎರಡನೆಯದ್ದನ್ನು ಎಲ್ಲಿ ಇಟ್ಟಿದ್ದೀ?"

"ಎರಡನೆಯದ್ದಾ? ಯಾವುದು ಉಮ್ಮಾ?"

"ಇದರ ಹಾಗೆಯೇ ಇರುವುದು. ಕೆಂಪಗೆ, ಚಂದಕ್ಕೆ. ಎಡಬದಿಗೆ ಸ್ವಲ್ಪ ಪೆಟ್ಟಾಗಿದೆಯಂತೆ."

'ಇದರ' ಎನ್ನುವಾಗ ಉಮ್ಮಾಲಿಮ್ಮ ಕೈ ತೋರಿಸಿದ್ದು ಅಂಗಳದ ಕಡೆಗೆ. ಉನೈಸ್ ನೋಡುತ್ತಿದ್ದದ್ದು ಬಾಗಿಲ ಪರದೆಯ ಹಿಂದೆ ನಿಂತಿದ್ದ ಶಿಬಿಲಾಳ ಕಡೆಗೆ. ಅವನು ಎದೆ ಮುಟ್ಟಿಕೊಂಡ.

"ಉಮ್ಮಾ, ದೇವರಾಣೆ, ನನಗೆ ಎರಡನೆಯದ್ದು ಯಾವುದೂ ಇಲ್ಲ. ಒಂದನೆಯದೇ ಇನ್ನು ಆಗಬೇಕಷ್ಟೆ!"

"ಮಂಗಳೂರಿನಲ್ಲಿ ಕಣ್ಣಾರೆ ನೋಡಿದವರು ಇದ್ದಾರೆ."

"ಮಂಗಳೂರಿಗೆ ನಾನು ಹೋದದ್ದು ಹಲ್ಲಿನ ಡಾಕ್ಟರಲ್ಲಿಗೆ!"

"ಎರಡಕ್ಕೂ ಒಂದೇ ನಂಬರಂತೆ."

"ನನ್ನ ಹತ್ತಿರ ಇರುವುದೇ ಒಂದು ನಂಬರು. ಬೇಕಾದರೆ ನೀವೇ ನೋಡಿ" ಎಂದು ಉನೈಸ್ ಫೋನನ್ನು ಮುದುಕಿಯ ಮಡಿಲಿಗಿಟ್ಟ.

"ಅದೆಲ್ಲ ನಮಗೆ ಬೇಡ. ಒಂದು ಜೀವ ಹೋದದ್ದನ್ನೂ ಮುಚ್ಚಿ ಹಾಕಿದ್ದೀರಂತಲ್ಲ?"

ಉನೈಸ್ ಫೋನನ್ನು ಎತ್ತಿಕೊಂಡು, ಕೊಟ್ಟ ಶರಬತ್ತನ್ನು ಮುಟ್ಟದೆ, "ಹೀಗೆ ಕರೆಸಿ ಮರ್ಯಾದೆ ತೆಗೆಯಬಾರದಿತ್ತು" ಎಂದು ಅಂಗಳಕ್ಕಿಳಿದ. ಕಾರನ್ನು ಹಿಂದಕ್ಕೆ ತೆಗೆಯುವ ಭರದಲ್ಲಿ ಗೇಟಿನ ಕಂಬಕ್ಕೆ ಉಜ್ಜಿದ. ಎಡಬದಿ ಸೊಟ್ಟಗಾಯಿತು.

"ನೋಡಿದೆಯಾ ಪೊಕ್ಕರ್? ಗುದ್ದಿಸಿಕೊಂಡು ಓಡಿದ" ಎಂದರು ಈಶ್ವರಪ್ರಸಾದರು. "ಕಾರಿನಲ್ಲಿ ಹುಳುಕಿಲ್ಲದವ ಹೀಗೆ ಓಡುವುದುಂಟಾ? ತೆಗೆಯಬೇಡ ಮಾರಾಯಾ, ಬಿಟ್ಟುಬಿಡು."

ಅವರು ಹೇಳಿದ್ದು ಕಾರನ್ನು. ಪೊಕ್ಕರ್ ಬಿಟ್ಟದ್ದು ಸಂಬಂಧವನ್ನು. ಆ ಸಂಜೆಯೇ ಕುಂಜತ್ತೂರಿಗೆ, ಮದುವೆ ಸ್ವಲ್ಪ ಮುಂದೆ ಹೋಗಲಿ ಎಂದು ಹೇಳಿಕಳಿಸಿದ್ದಾಯಿತು. ಶಿಬಿಲಾ ಊಟ ಬಿಟ್ಟಳು. ಅವಳೊಡನೆ ಯಾರೂ ಏನನ್ನೂ ಕೇಳಲಿಲ್ಲ, ಯಾಕೆಂದರೆ ಮದುವೆ ಅವಳದಾದರೂ ಸಂಶಯ ಹಿರಿಯರದು.

ಆ ವಾರ ಬ್ಯಾಂಕಿಗೆ ಬಂದ ಸುಬ್ಬರಾಯ ಎಂಬ ಕೃಷಿಕರು ಕೌಂಟರಿನ ಒಳಗೆ ಬಗ್ಗಿ ಪಿಸುಗುಟ್ಟಿದರು. "ಸಂಗತಿ ಗೊತ್ತುಂಟಾ? ಕುಂಜತ್ತೂರಿನ ಒಬ್ಬ ಹುಡುಗನ ಹತ್ತಿರ ಒಂದೇ ನಂಬರಿನ ಎರಡು ಕೆಂಪು ಕಾರು ಉಂಟಂತೆ. ಒಂದು ಗಡಿಯ ಆಚೆ, ಒಂದು ಈಚೆ. ಡ್ರೈವರನ್ನು ಕೊಂದು ಹಾಕಿದ್ದಾರಂತೆ. ಹೊರದೇಶದ ಕಂಪೆನಿಯ ಕೆಲಸವಂತೆ."

ಈಶ್ವರಪ್ರಸಾದರ ಮೈ ಜುಮ್ಮೆಂದಿತು. ಬೇರೆ ಯಾರಾದರೂ ಆಗಿದ್ದರೆ, ಇದು ತಾನೇ ಹೇಳಿದ ಕಥೆಯಲ್ಲವೇ ಎಂದು ಒಂದು ಕ್ಷಣ ನಿಲ್ಲುತ್ತಿದ್ದರು. ಅವರೂ ನಿಂತರು. ಆದರೆ ಅವರ ಬುದ್ಧಿ ಸಾಮಾನ್ಯರ ದಾರಿಯಲ್ಲಿ ಹೋಗುವಂಥದ್ದಲ್ಲ. ಕಥೆ ಸಿನೆಮಾದ ಹಾಗೆಯೇ ಇದೆಯೆಂದರೆ ಇದಕ್ಕೆ ಒಂದೇ ಅರ್ಥ: ಹುಡುಗ ಸಿನೆಮಾ ನೋಡಿ ಕಲಿತಿದ್ದಾನೆ! ಕುಂಜತ್ತೂರು, ಕೆಂಪು ಕಾರು, ಗುದ್ದಿದ ಎಡಬದಿ. ಪೊಕ್ಕರ್ ಅವರ ಅಂಗಳದಲ್ಲಿ ತಾನೇ ಕೈಯಾರೆ ಕುಟ್ಟಿದ ಕಾರು! ಜವಾಬ್ದಾರಿಯುತ ನಾಗರಿಕನೊಬ್ಬ ಮಾಡಬೇಕಾದ್ದನ್ನು ಅವರು ಮಾಡಿದರು. ಪೊಲೀಸ್ ಠಾಣೆಗೆ ಫೋನು ಮಾಡಿದರು.

ಎಸ್‌ಐ ಸುಕುಮಾರ ಮರುದಿನ ಸಂಜೆ ಉನೈಸನನ್ನು, ಅವನ ಕಾರನ್ನು ತಂದು ಪೊಕ್ಕರ್ ಅವರ ಹೋಟೆಲಿನ ಮುಂದೆ ನಿಲ್ಲಿಸಿದಾಗ ಜೆಸಿಬಿಯವನೂ ಯಂತ್ರ ನಿಲ್ಲಿಸಿ ನೋಡಲು ಬಂದ. ಹೋಟೆಲಿಗೆ ತಾಗಿದ್ದ ಮನೆಯಿಂದ ಉಮ್ಮಾಲಿಮ್ಮ ಕುರ್ಚಿ ತರಿಸಿಕೊಂಡು ಕೂತರು, ಹಿಂದೆ ಶಿಬಿಲಾ. ಈಶ್ವರಪ್ರಸಾದರು ಇಸ್ತ್ರಿಯ ಅಂಗಿ ಹಾಕಿ ಮುಂಚೂಣಿಯಲ್ಲಿ ನಿಂತಿದ್ದರು.

"ಆರ್‌ಸಿ ಸರಿ ಉಂಟು, ಇನ್ಶೂರೆನ್ಸು ಸರಿ ಉಂಟು, ಚಾಸಿಸ್ ನಂಬರು ಸರಿ ಉಂಟು" ಎಂದರು ಸುಕುಮಾರ. "ಎರಡನೇ ಕಾರಿನ ವಿಷಯ ಹೇಳಿದ್ದು ಯಾರು?"

ಈಶ್ವರಪ್ರಸಾದರು ಗುಂಪಿನಲ್ಲಿದ್ದ ಸುಬ್ಬರಾಯರನ್ನು ತೋರಿಸಿದರು. ಸುಬ್ಬರಾಯರು ತಮಗೆ ಬಸ್ಸಿನ ಕಂಡಕ್ಟರು ಹೇಳಿದ್ದೆಂದರು. ಅಲ್ಲೇ ನಿಂತಿದ್ದ ಕಂಡಕ್ಟರು, ತಾನು ಇದೇ ಹೋಟೆಲಿನಲ್ಲಿ ಚಾ ಕುಡಿಯುವಾಗ ಕೇಳಿದ್ದೆಂದ. ಎಲ್ಲರೂ ಪೊಕ್ಕರ್ ಕಡೆಗೆ ತಿರುಗಿದರು.

"ನನಗೆ ಹೇಳಿದ್ದು ಭಟ್ರು!" ಎಂದರು ಪೊಕ್ಕರ್. "ಮಂಗಳೂರಿನಲ್ಲಿ ಕಣ್ಣಾರೆ ನೋಡಿದ್ದಂತೆ!"

ಸುಕುಮಾರ ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು. "ಅಂದರೆ ಸಾರೇ, ದೂರು ಕೊಟ್ಟದ್ದು ನೀವು. ಸಾಕ್ಷಿ ನೀವು. ಸುದ್ದಿ ಹುಟ್ಟಿಸಿದ್ದೂ ನೀವು. ಇನ್ನು ಆರೋಪಿ ಕೂಡ ನೀವೇ ಆದರೆ ನಮಗೆ ಕೆಲಸ ಹಗುರ."

"ನಾನು ಯಾವಾಗ ಹೇಳಿದೆ ಮಾರಾಯಾ!" ಎಂದು ಈಶ್ವರಪ್ರಸಾದರು ಪೊಕ್ಕರ್ ಮೇಲೆ ಹರಿಹಾಯ್ದರು. "ನೀನೂ ಈ ಹುಡುಗನೊಟ್ಟಿಗೆ ಸೇರಿದ್ದೀಯಾ?"

ಅಷ್ಟು ಹೊತ್ತು ಬಾಯಿ ಬಿಡದ ಶಿಬಿಲಾ ಮುಂದೆ ಬಂದಳು. "ಒಂದು ಪ್ರಶ್ನೆ ಕೇಳ್ತೇನೆ. ಸತ್ತ ಡ್ರೈವರನ ಹೆಸರು ಎಂತ?"

"ಲೂಯಿ" ಎಂದರು ಈಶ್ವರಪ್ರಸಾದರು, ಯೋಚಿಸದೆ.

"ಯಾವ ಊರಿನವ?"

"ಅದು... ಯೂರೋಪು."

ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಜನ ಕಂಡು ನಿಂತಿದ್ದ ಪರಮೇಶ್ವರಿ ಟೀಚರು ಗುಂಪಿನ ನಡುವಿನಿಂದ, "ಅಯ್ಯೋ ದೇವರೇ, ಆ ಸಿನೆಮಾ!" ಎಂದರು.

ವಿಷಯ ಬಿಡಿಸಿಕೊಳ್ಳಲು ಆಮೇಲೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲು ನಕ್ಕದ್ದು ಜೆಸಿಬಿಯವನು. ಸುಕುಮಾರ ನಗಬಾರದೆಂದು ಟೊಪ್ಪಿಯನ್ನು ಮುಖಕ್ಕೆ ಹಿಡಿದುಕೊಂಡರು. ಉನೈಸ್ ಮಾತ್ರ ನಗಲಿಲ್ಲ. "ಆ ಸಿನೆಮಾ ನಾನೂ ನೋಡಿದ್ದೇನೆ. ಅದರಲ್ಲಿಯೂ ಎರಡು ಕಾರು ಇಲ್ಲ ಭಟ್ರೇ" ಎಂದ.

ಇದು ಮಾತ್ರ ಈಶ್ವರಪ್ರಸಾದರಿಗೆ ತಡೆಯಲಿಲ್ಲ. ಪೊಲೀಸರ ಮುಂದೆ ಬೆಪ್ಪಾದದ್ದನ್ನು ಸಹಿಸಬಹುದು, ಕಾರಿನ ವಿಷಯದಲ್ಲಿ ತಪ್ಪಿದ್ದೆಂದರೆ ಸಹಿಸುವುದು ಹೇಗೆ? "ಎರಡು ಉಂಟು! ಬಾ, ತೋರಿಸ್ತೇನೆ!"

"ನಾನೂ ಬರ್ತೇನೆ" ಎಂದು ಉಮ್ಮಾಲಿಮ್ಮ ಕುರ್ಚಿಯಿಂದ ಎದ್ದರು. "ಇಷ್ಟು ದಿನ ಕಿವಿಯಿಂದ ಕೇಳಿಯೇ ಇಷ್ಟೆಲ್ಲ ಆದದ್ದು. ಕಣ್ಣಿಂದ ನೋಡದೆ ನಾನು ಇನ್ನು ಯಾವುದನ್ನೂ ನಂಬುವುದಿಲ್ಲ."

ಹಾಗೆ ಆದಿತ್ಯವಾರ ಎರಡು ಮನೆಯವರೂ ಉನೈಸನೂ ಮಂಗಳೂರಿಗೆ ಹೊರಟರು. ಉಮ್ಮಾಲಿಮ್ಮ ಜೀವಮಾನದಲ್ಲಿ ಚಿತ್ರಮಂದಿರದೊಳಗೆ ಕಾಲಿಟ್ಟವರಲ್ಲ. ಪರದೆಯ ಮೇಲಿನ ಮಾತು ಅವರಿಗೆ ಒಂದಕ್ಷರವೂ ತಿಳಿಯದು, ಶಿಬಿಲಾ ಕಿವಿಯಲ್ಲಿ ಬೇಕಾದಷ್ಟನ್ನು ಹೇಳುತ್ತಿದ್ದಳು. ಲೂಯಿ ಸತ್ತಾಗ ಅವರು ದುವಾ ಮಾಡಿದರು. ಕಂಪೆನಿಯ ಯಜಮಾನ ಕಾಣಿಸಿದಾಗಲೆಲ್ಲ ಬೈದರು. ಕೊನೆಯ ಸುತ್ತು ಬಂದಾಗ ಈಶ್ವರಪ್ರಸಾದರು ಕುರ್ಚಿಯ ತುದಿಗೆ ಸರಿದರು.

"ನೋಡಿ! ಈಗ ನೋಡಿ! ಗುದ್ದಿದ್ದು ಉಂಟಾ?"

"ಭಟ್ರೇ" ಎಂದ ಉನೈಸ್ ಸಮಾಧಾನವಾಗಿ, "ಇದು ಬಲಬದಿ."

ಕೆಂಪು ಕಾರು ಗೆರೆ ದಾಟಿ, ನಿಧಾನಿಸಿ, ಜನರ ಕಡೆಗೆ ತಿರುಗಿತು. ನೆಗ್ಗಿದ ಎಡಬದಿ ಇಡೀ ಪರದೆಯನ್ನು ತುಂಬಿ ಬಂದು ನಿಂತಿತು. ತಮ್ಮನು ಇಳಿದು ಆ ಗುದ್ದಿದ ಜಾಗದ ಮೇಲೆ ಕೈಯಿಟ್ಟು ಅತ್ತ. ಮೊದಲ ಸಲ ಈ ದೃಶ್ಯ ನಡೆಯುವಾಗ ಈಶ್ವರಪ್ರಸಾದರು ಮುಂದಿನ ಸಾಲಿನವರೊಡನೆ ಜಗಳದಲ್ಲಿದ್ದರು. ಈಗ ಕತ್ತಲೆಯಲ್ಲಿ ತಮ್ಮ ಕಡೆಗೆ ಎಷ್ಟು ಕಣ್ಣುಗಳು ತಿರುಗಿವೆಯೆಂದು ಅವರು ನೋಡಲು ಹೋಗಲಿಲ್ಲ. ಯಾಕೋ ಕಣ್ಣು ಉರಿಯುತ್ತಿತ್ತು. ಪರಮೇಶ್ವರಿ ಸೆರಗಿನ ತುದಿಯನ್ನು ಅವರ ಕಡೆಗೆ ಚಾಚಿದರು.

ದೀಪ ಹೊತ್ತಿದ ಮೇಲೆ ಉಮ್ಮಾಲಿಮ್ಮ ಕೇಳಿದರು. "ಆ ಹುಡುಗಿಗೆ ಕೊನೆಗೆ ಎಲ್ಲ ಗೊತ್ತಾಯ್ತಲ್ಲ. ಆದರೂ ಅವನನ್ನೇ ಮದುವೆ ಆದಳಾ?"

"ಆದಳು ಉಮ್ಮಮ್ಮಾ" ಎಂದಳು ಶಿಬಿಲಾ.

"ನೀನು? ನಿನ್ನ ಹತ್ತಿರ ಯಾರೂ ಕೇಳಲಿಲ್ಲ. ಈಗ ನಾನು ಕೇಳ್ತೇನೆ. ಇವನನ್ನು ಆಗ್ತೀಯಾ?"

ಶಿಬಿಲಾ ಉನೈಸನ ಕಡೆಗೆ ಒಮ್ಮೆ ನೋಡಿದಳು. "ಇವರು ಆಗಬಹುದು. ಆ ಕಾರು ಬೇಡ."

ಮದುವೆ ಮೊದಲು ಗೊತ್ತುಮಾಡಿದ್ದ ದಿನವೇ ನಡೆಯಿತು. ಈಶ್ವರಪ್ರಸಾದರು ಉನೈಸನ ಕೈ ಹಿಡಿದು, "ತಪ್ಪಾಯ್ತು ಮಾರಾಯಾ" ಎಂದರು. ಅವನು, "ಅದಕ್ಕೆಂತ ಭಟ್ರೇ, ನಿಮ್ಮಿಂದಾಗಿ ಇವಳ ಬಾಯಿಂದ ಒಂದು ಹೌದು ಕೇಳಿದ ಹಾಗಾಯ್ತು" ಎಂದ. ತೊಡಕು ಬಂದದ್ದು ಆಮೇಲೆ. ಉನೈಸ್ ದುಬಾಯಿಗೆ ಮರಳುವ ಮೊದಲು ಕಾರನ್ನು ಮಾರಬೇಕಿತ್ತು, ಕೊಳ್ಳುವವರು ಒಬ್ಬರೂ ಇರಲಿಲ್ಲ. ಸಂಶಯ ಹುಟ್ಟಿದ್ದು ಹೇಗೆಂದು ಬಂದ್ಯೋಡಿಗೆಲ್ಲ ತಿಳಿದಿತ್ತು ನಿಜ. ಆದರೆ ಬಂದ್ಯೋಡಿನಿಂದ ಆಚೆಗೆ 'ಎರಡು ಕಾರು' ಎಂಬ ಸುದ್ದಿ ಹೋಗಿತ್ತೇ ಹೊರತು 'ಸಿನೆಮಾ' ಎಂಬ ಸುದ್ದಿ ಹೋಗಿರಲಿಲ್ಲ. ನೋಡಲು ಬಂದವರು ದೂರದಿಂದಲೇ ನೋಡಿ ಹಿಂದಿರುಗಿದರು.

"ಅದರ ಹೆಸರು ಕೆಡಿಸಿದವರು ನೀವು" ಎಂದರು ಪರಮೇಶ್ವರಿ. "ಮನೆಗೆ ತರುವವರೂ ನೀವೇ." ಶಾಲೆಯ ದನಿಯಲ್ಲಿ ಹೇಳಿದ ಮಾತಿಗೆ ಅಪೀಲು ಇರಲಿಲ್ಲ. ಈಶ್ವರಪ್ರಸಾದರು ತಮ್ಮಲ್ಲಿದ್ದ ಹಳೆಯ ಕಾರನ್ನು ಮಾರಿ, ಜೀವನದಲ್ಲಿ ಮೊದಲ ಸಲ, ಕುಟ್ಟದೆ ಮೂಸದೆ ಒಂದು ಕಾರನ್ನು ಕೊಂಡರು. ಒಳ್ಳೆಯ ಕಾರು. ಎಂಜಿನ್ನಿನ ಸದ್ದು ಕೇಳಿದರೆ ನಿದ್ದೆ ಬರುವಷ್ಟು ಹಿತ.

ಮರುವಾರ ಅವರು ಉಪ್ಪಳದ ಪೆಟ್ರೋಲ್ ಬಂಕಿನಲ್ಲಿ ಸಾಲಿನಲ್ಲಿ ನಿಂತಿದ್ದಾಗ ಗುರುತಿಲ್ಲದ ಮನುಷ್ಯನೊಬ್ಬ ಕಾರನ್ನು ಮೇಲಿಂದ ಕೆಳಗೆ ನೋಡಿ, ಹತ್ತಿರ ಬಂದು, ಕಿಟಕಿಗೆ ಬಗ್ಗಿದ.

"ಸಾರ್, ಹೊಸತಾಗಿ ತೆಗೆದದ್ದಾ? ಹೇಳಬಾರದು, ಆದರೂ ಹೇಳ್ತೇನೆ. ಇದೇ ನಂಬರಿನ ಇನ್ನೊಂದು ಕಾರು ಉಂಟು. ನಮ್ಮ ಕಡೆಯವರು ಒಬ್ಬರು ಕಣ್ಣಾರೆ ನೋಡಿದ್ದಾರೆ."

ಈಶ್ವರಪ್ರಸಾದರು ನಗಲು ಬಾಯಿ ತೆರೆದರು. ಆ ಮನುಷ್ಯನ ಮುಖ ನೋಡಿದರು. ಸುಳ್ಳು ಹೇಳುವವನ ಮುಖದಂತೆ ಕಾಣಲಿಲ್ಲ. ತೆರೆದ ಬಾಯಿ ನಿಧಾನವಾಗಿ ಮುಚ್ಚಿಕೊಂಡಿತು. ಹಿಂದಿನ ಗಾಡಿಯವರು ಹಾರ್ನು ಹಾಕುತ್ತಿದ್ದರು. ಅವರು ಎಂಜಿನ್ನು ನಿಲ್ಲಿಸಿ, ಆಚೀಚೆ ನೋಡಿ, ಪಕ್ಕದ ಬಾಗಿಲನ್ನು ತೆರೆದರು.

"ಒಳಗೆ ಬನ್ನಿ ಮಾರಾಯ್ರೆ. ಕೂತುಕೊಂಡು ಪೂರ್ತಿ ಹೇಳಿ."